ಹತ್ತು ಪೆಟ್ಟಿಗೆ, ಒಂದು ಖಾಲಿ ಚಟ್ಟ

ಬಡಗಿ ಅಳತೆ ಕೇಳಿದ. ಆ ಚಳಿಗಾಲದ ನನ್ನ ತಪ್ಪುಗಳೆಲ್ಲ ಅಲ್ಲಿಂದ ಶುರುವಾದದ್ದರಿಂದ ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಆರ್.ಕೆ.ಪುರಂನ ಮಾರ್ಕೆಟ್ಟಿನ ಹಿಂದೆ ಮಂಚ, ಸ್ಟೂಲು ಮಾಡಿಕೊಡುವ ಸಣ್ಣ ಅಂಗಡಿ. ಪ್ಯಾಕಿಂಗ್ ಮರದ ಹತ್ತು ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟಾದ ಮೇಲೆ ಒಂದು ಚಟ್ಟವೂ ಬೇಕು ಎಂದೆ. ಆತ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ.

“ಅರ್ಥೀ ತೋ ಬಾಂಸ್ ಕೀ ಹೋತೀ ಹೈ ಮೇಡಂ. ವೋ ಹಮ್ ನಹೀಂ ಬನಾತೇ.” ಚಟ್ಟ ಬಿದಿರಿನದು, ತಾವು ಮಾಡುವುದಿಲ್ಲ ಎಂದ.

“ನಾಟಕ್ ಕೇ ಲಿಯೇ ಹೈ, ಭಯ್ಯಾ. ಖಾಲೀ ರಹೇಗೀ.”

ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, “ಖಾಲೀ ಕಾ ಭೀ ನಾಪ್ ತೋ ಹೋತಾ ಹೈ,” ಎಂದ. ಖಾಲಿಗೂ ಒಂದು ಅಳತೆ ಬೇಕಲ್ಲ ಎನ್ನುವುದು ನ್ಯಾಯವಾದ ಮಾತೇ. ನಾನು ಯೋಚಿಸುತ್ತಿರುವಾಗ, ನನ್ನ ಜೊತೆ ಬಂದಿದ್ದ, ನಮ್ಮ ನಾಟಕದಲ್ಲಿದ್ದ ಒಬ್ಬ ಹೆಂಗಸು, “ಪಾಂಚ್ ಫುಟ್ ಗ್ಯಾರಹ್ ಇಂಚ್,” ಎಂದರು.

“ಅದೇನ್ರೀ ಐದಡಿ ಹನ್ನೊಂದಿಂಚು ಅಂತ ಚಿಲ್ಲರೆ ಲೆಕ್ಕ? ಆರಡಿ ಮಾಡಲಿ ಬಿಡಿ,” ಎಂದೆ ನಾನು.

“ಆಯ್ತು ಮೇಡಂ,” ಎಂದು ಅವರು ಸೆರಗು ಸರಿಮಾಡಿಕೊಂಡರು.

ನಾನಾಗ ದಕ್ಷಿಣ ದಿಲ್ಲಿಯ ಒಂದು ಕಾಲೇಜಿನಲ್ಲಿ ಪ್ರಾಚೀನ ಇತಿಹಾಸ ಕಲಿಸುತ್ತಿದ್ದೆ. ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರದಿದ್ದ ವರ್ಷಗಳವು. ಸುತ್ತಲಿನ ಸರ್ಕಾರಿ ಕ್ವಾರ್ಟರ್ಸುಗಳ ಕನ್ನಡಿಗರು ಕಟ್ಟಿಕೊಂಡಿದ್ದ ಒಂದು ಚಿಕ್ಕ ಸಂಘ ವಾರ್ಷಿಕೋತ್ಸವಕ್ಕೆ “ಒಂದು ಒಳ್ಳೇ ನಾಟಕ ಮಾಡಿಸಿಕೊಡಿ” ಎಂದು ಕೇಳಿತು. ಅವರ ಮನಸ್ಸಿನಲ್ಲಿದ್ದದ್ದು ನಗೆ ನಾಟಕ. ನನ್ನ ತಲೆಯಲ್ಲಿದ್ದದ್ದು ಅಥೆನ್ಸ್. ಮೇಷ್ಟ್ರಿಗೆ ಕೆಲಸ ಒಪ್ಪಿಸಿದರೆ ಆಗುವುದೇ ಹೀಗೆ.

ಹಳೆಯ ಅಥೆನ್ಸಿನಲ್ಲಿ ಒಂದು ಪದ್ಧತಿಯಿತ್ತು. ಯುದ್ಧ ನಡೆದ ವರ್ಷ, ಚಳಿಗಾಲದಲ್ಲಿ, ಸತ್ತವರ ಮೂಳೆಗಳನ್ನು ಕುಲಕ್ಕೊಂದರಂತೆ ಹತ್ತು ಮರದ ಪೆಟ್ಟಿಗೆಗಳಲ್ಲಿಟ್ಟು ಮೆರವಣಿಗೆ ಮಾಡುತ್ತಿದ್ದರು. ಅವುಗಳ ಜೊತೆಗೆ ಬಟ್ಟೆ ಹೊದಿಸಿದ ಒಂದು ಖಾಲಿ ಚಟ್ಟ. ಅದು ದೇಹ ಸಿಗದವರದ್ದು. ಆಮೇಲೆ ನಗರ ಆರಿಸಿದ ಒಬ್ಬ ಗಂಡಸು ಕಟ್ಟೆ ಹತ್ತಿ ಭಾಷಣ ಮಾಡುತ್ತಿದ್ದ. ಆ ಭಾಷಣದಲ್ಲಿ ಸತ್ತವರ ಹೆಸರು ಒಂದೂ ಬರುತ್ತಿರಲಿಲ್ಲ, ನಗರದ ಹೊಗಳಿಕೆ ಮಾತ್ರ. ಹೆಂಗಸರ ಅಳುವಿಗೆ ಕಾನೂನಿನ ಕಡಿವಾಣ ಬೇರೆ ಇತ್ತು. ಅದೇ ನಗರ ವಸಂತ ಬಂದೊಡನೆ ಬಯಲು ರಂಗದಲ್ಲಿ ದುರಂತ ನಾಟಕ ಆಡಿಸಿ, ಹೆಣ್ಣುವೇಷದ ಗಂಡಸರ ಕೈಯಲ್ಲಿ ಎದೆ ಬಡಿಸಿ ಅಳಿಸುತ್ತಿತ್ತು. ಬೀದಿಯಲ್ಲಿ ಸಲ್ಲದ ಅಳು ರಂಗದ ಮೇಲೆ ಸಲ್ಲುತ್ತಿತ್ತು. ಇದನ್ನು ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೆ, ಪ್ರತಿ ವರ್ಷವೂ ಅದೇ ಜಾಗಕ್ಕೆ ಬಂದಾಗ ಅಥೆನ್ಸಿನ ಗಂಡಸರ ಬಗ್ಗೆ ಒಂದು ಕುಹಕದ ಮಾತು ಸೇರಿಸಿ. ಇದನ್ನೇ ನಲವತ್ತು ನಿಮಿಷದ ನಾಟಕವಾಗಿ ಬರೆದೆ. ಒಬ್ಬ ಭಾಷಣಕಾರ, ಹನ್ನೆರಡು ತಾಯಂದಿರ ಮೇಳ, ಅಷ್ಟೇ.

ಮೇಳಕ್ಕೆ ಬಂದವರು ಗುಮಾಸ್ತರ, ಸೆಕ್ಷನ್ ಆಫೀಸರರ ಹೆಂಡತಿಯರು. ಸಮುದಾಯ ಭವನದಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ತಾಲೀಮು. ಗ್ರೀಕರ ಹಾಗೆ ಮುಖವಾಡ ಹಾಕಿಸಲು ಹೋದೆ. ಕನ್ನಡಕದ ಮೇಲೆ ಮುಖವಾಡ ಕೂರಲಿಲ್ಲ, ಕನ್ನಡಕ ತೆಗೆದರೆ ಅವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮುಖವಾಡ ಕೈಬಿಟ್ಟೆ. ಕೂದಲು ಬಿಚ್ಚಿಕೊಂಡು ಅಳಬೇಕು ಎಂದರೆ, “ತುಂಬಿದ ಮನೆಯವರು ಕೂದಲು ಬಿಚ್ಚಿ ಅಳೋದಾ? ಯಾರಿಗೆ ಕೇಡು ಬಯಸ್ತೀರಿ ಮೇಡಂ?” ಎಂದರು. ಜಡೆ ಮುಂದಕ್ಕೆ ಹಾಕಿಕೊಂಡರೆ ಸಾಕು ಎಂದು ರಾಜಿಯಾದೆ. ದೀಪ ಹಚ್ಚುವ ವೇದಿಕೆಯ ಮೇಲೆ ಚಟ್ಟ ಇಡಕೂಡದು ಎಂದು ಸಂಘದವರು ಪಟ್ಟು ಹಿಡಿದಾಗ ಮಾತ್ರ ಜಗಳಕ್ಕೆ ಹೋಗಲಿಲ್ಲ, ಎದುರಿನ ಪಾರ್ಕಿನಲ್ಲಿ ಬೆಳಗ್ಗೆ ಆಡುತ್ತೇವೆ ಎಂದೆ. ಗ್ರೀಕರೂ ಹಗಲಲ್ಲಿ, ಬಯಲಲ್ಲೇ ಆಡುತ್ತಿದ್ದರು.

ನಿಜವಾದ ಕಷ್ಟ ಅಳುವಿನದು. ಹನ್ನೆರಡು ಕಂಠ ಒಂದಾಗಬೇಕು. ನಾಲ್ಕು ಎಣಿಕೆ ಉಸಿರು ಒಳಕ್ಕೆ, ಎಂಟು ಎಣಿಕೆ ಸಾಲು, ಎರಡು ಎಣಿಕೆ ಮೌನ, ಮತ್ತೆ ಉಸಿರು. ಮರದ ಡಸ್ಟರಿನಿಂದ ಮೇಜು ಕುಟ್ಟಿ ಕುಟ್ಟಿ ಎಣಿಸಿದೆ. ಎರಡು ವಾರ ಹೇಗೆ ಅತ್ತರೂ ಭಜನೆಯಾಗುತ್ತಿತ್ತು. ಮೂರನೇ ವಾರ, ಬಡಗಿಗೆ ಅಳತೆ ಹೇಳಿದ ಆ ಹೆಂಗಸನ್ನು ಮುಂದೆ ನಿಲ್ಲಿಸಿ, ನೀವು ಮೊದಲು ಸ್ವರ ಎತ್ತಿ, ಉಳಿದವರು ಹಿಂಬಾಲಿಸಲಿ ಎಂದೆ.

ಅವರು ಕೊಡಗಿನವರು. ಐವತ್ತು ದಾಟಿದ, ಬೆನ್ನು ನೆಟ್ಟಗಿದ್ದ, ಮಾತು ಕಡಿಮೆಯ ಹೆಂಗಸು. ಗಂಡ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಈಗ ಒಂದು ಕೇಂದ್ರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು, ಕಿದ್ವಾಯಿ ನಗರದಲ್ಲಿ ಮನೆ. ಅವರು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡು ಬಾಯಿ ತೆರೆದರು. ಪದವಿಲ್ಲದ ಒಂದೇ ಸ್ವರ, ತಗ್ಗಿನಲ್ಲಿ ಹುಟ್ಟಿ ಮೇಲೇರಿ ಅಲ್ಲೇ ನಿಂತಿತು. ಎಂಟು ಎಣಿಕೆ ಮುಗಿದದ್ದು ನನಗೆ ಗೊತ್ತಾಗಲಿಲ್ಲ. ಭವನದ ಚೌಕೀದಾರ ಓಡಿಬಂದು ಕಿಟಕಿಯಲ್ಲಿ ಇಣುಕಿ, “ಸಬ್ ಠೀಕ್ ಹೈ ಮೇಡಂ?” ಎಂದು ಕೇಳಿದ. ಅವತ್ತೇ ಮೇಳ ಕೂಡಿತು. ನಾನು ಎಲ್ಲರಿಗೂ ಸಮೋಸ ತರಿಸಿದೆ.

ಭಾಷಣಕಾರ ಒಬ್ಬ ಡೆಪ್ಯುಟಿ ಸೆಕ್ರೆಟರಿ. ಗ್ರೇಟರ್ ನೋಯ್ಡಾದಲ್ಲಿ ಫ್ಲ್ಯಾಟು ಕೊಂಡು ಅರ್ಧ ಆಯಸ್ಸನ್ನು ರಸ್ತೆಯಲ್ಲೇ ಕಳೆಯುತ್ತಿದ್ದವರು, ಭಾನುವಾರ ಮಾತ್ರ ಸಿಗುತ್ತಿದ್ದರು. ಕಂಠ ಕಂಚಿನದು. ಆದರೆ ಬಾಯಿ ತೆರೆದರೆ “ಈ ಶುಭ ಸಂದರ್ಭದಲ್ಲಿ” ಎಂದು ಬಂದುಬಿಡುತ್ತಿತ್ತು.

“ಸತ್ತವರ ಮುಂದೆ ಶುಭ ಎಲ್ಲಿಂದ ಬಂತು ಸರ್?”

“ಸಾರಿ, ಸಾರಿ. ಆದತ್ ಹೋ ಗಯೀ ಹೈ, ಅಭ್ಯಾಸ ಆಗ್ಬಿಟ್ಟಿದೆ, ಏನ್ಮಾಡ್ಲಿ.”

ಮಾತಿಗೊಮ್ಮೆ ಕೈ ಬೀಸುವ ಚಟ ಬೇರೆ. ಗ್ರೀಕರ ಹಿರಿಯ ಭಾಷಣಕಾರರು ಕೈಯನ್ನು ಹೊದಿಕೆಯೊಳಗೇ ಇಟ್ಟುಕೊಂಡು ಮಾತಾಡುವುದನ್ನು ಘನತೆ ಎಂದುಕೊಂಡಿದ್ದರಂತೆ. ಅವರನ್ನು ಒಂದು ಬೂದು ಶಾಲಿನಲ್ಲಿ ಬಿಗಿಯಾಗಿ ಸುತ್ತಿದೆ. ಕೈ ಕಟ್ಟಿದ ಮೇಲೆ ಮಾತು ತೂಕಕ್ಕೆ ಬಂತು.

ಪೆಟ್ಟಿಗೆಗಳು ಬಂದ ಮೇಲೆ ಮೆರವಣಿಗೆಯ ತಾಲೀಮು. ಪೆಟ್ಟಿಗೆ ಹೊರಲು ಸಂಘದ ಹುಡುಗರನ್ನು ಕರೆದೆ, ಚಟ್ಟಕ್ಕೆ ಮೇಳದ ನಾಲ್ವರು. ಚಟ್ಟದ ಮುಂದಿನ ತುದಿಗೆ ಕೊಡಗಿನವರನ್ನು ಹಾಕಿದೆ, ನೆಟ್ಟಗೆ ನಡೆಯುತ್ತಾರೆ ಎಂಬ ಒಂದೇ ಕಾರಣಕ್ಕೆ. ಅವರು ಅದನ್ನು ಎತ್ತಿದರೆ ಭುಜ ಕುಸಿಯುತ್ತಿತ್ತು, ಕಾಲು ನೆಲಕ್ಕೆ ಅಂಟುತ್ತಿತ್ತು. ಉಳಿದ ಮೂವರು ಹಗುರ, ಇವರು ಭಾರ, ಚಟ್ಟ ವಾಲುತ್ತಿತ್ತು. ಮೂರು ಸಲ ನಿಲ್ಲಿಸಿದೆ. ನಾಲ್ಕನೇ ಸಲ ತಾಳ್ಮೆ ಹೋಯಿತು.

“ಖಾಲಿ ಚಟ್ಟ ಅದು! ಅದರ ಮೇಲೆ ಏನಿದೆ ಅಂತ ಹಾಗೆ ಹೊರ್ತೀರಿ?”

“ಖಾಲಿ ಅಂತ ಗೊತ್ತು ಮೇಡಂ,” ಎಂದರು. ಮೇಳದ ಉಳಿದ ಹನ್ನೊಂದು ಮಂದಿ ನೆಲ ನೋಡಿದರು. ನನ್ನ ಗದರಿಕೆಗೆ ಹೆದರಿದರು ಎಂದುಕೊಂಡೆ.

ಆ ಭಾನುವಾರ ಡೆಪ್ಯುಟಿ ಸೆಕ್ರೆಟರಿ ಶಾಲು ಬಿಚ್ಚುತ್ತ, “ಅವರ ಕೈಲೇ ಚಟ್ಟ ಹೊರಿಸ್ತಿದ್ದೀರಲ್ಲ ಮೇಡಂ, ನಿಮ್ಮದು ಗಟ್ಟಿ ಗುಂಡಿಗೆ,” ಎಂದರು.

“ಯಾಕೆ, ಅವರಿಗೇನು?”

ಅವರು ನನ್ನ ಮುಖವನ್ನೇ ನೋಡಿದರು. “ಅಚ್ಛಾ, ನಿಮಗೆ ಗೊತ್ತಿಲ್ವಾ?”

ಮೂರು ವರ್ಷದ ಹಿಂದೆ ಹಿಮದ ಗಡಿಯಲ್ಲಿ ಗಸ್ತು ಹೋಗಿದ್ದ ಐವರು ಯೋಧರ ಮೇಲೆ ಹಿಮ ಕುಸಿದಿತ್ತು. ನಾಲ್ವರ ದೇಹ ಸಿಕ್ಕಿತು. ಐದನೆಯವನು ಇವರ ಒಬ್ಬನೇ ಮಗ. ನಮ್ಮ ದಿಲ್ಲಿ ಕನ್ನಡಿಗರಿಗೆಲ್ಲ ಗೊತ್ತಿದ್ದ ವಿಷಯ. ಇಂಥ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಎಂಬ ನಂಬಿಕೆಯ ಮೇಲೆ ಸಂಸಾರ ಸಾಗುತ್ತದೆ. ನನಗೆ ಗೊತ್ತಿದ್ದೇ ಅವರನ್ನು ಆರಿಸಿದ್ದೇನೆ, ಓದಿದವಳು, ಏನೋ ಉದ್ದೇಶ ಇದ್ದೀತು ಎಂದು ಎಲ್ಲರೂ ಸುಮ್ಮನಿದ್ದರು. ಐದಡಿ ಹನ್ನೊಂದು ಇಂಚು ಯಾರ ಅಳತೆ ಎಂದು ಆಗ ಹೊಳೆಯಿತು. ಅಂದು ಮನೆಗೆ ಹೋಗಿ ಊಟ ಬಿಟ್ಟು ಮಲಗಿದೆ, ನಾಚಿಕೆಯಿಂದ.

ಮರುದಿನ ಎಲ್ಲರೂ ಹೋದ ಮೇಲೆ ಅವರನ್ನು ನಿಲ್ಲಿಸಿಕೊಂಡು ಕ್ಷಮೆ ಕೇಳಿದೆ. ಚಟ್ಟವನ್ನು ಬೇರೆಯವರಿಗೆ ಕೊಡುತ್ತೇನೆ ಎಂದೆ.

“ಬೇಡ ಮೇಡಂ,” ಎಂದರು, ಮಡಚುವ ಕುರ್ಚಿಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸುತ್ತ. “ಮನೇಲಿ ಅಳೋ ಹಾಗಿಲ್ಲ. ಇವರು ಒಪ್ಪೋದಿಲ್ಲ. ಮಗ ಹೋದ ಅಂತ ಒಪ್ಪಿ ಸೈನ್ ಹಾಕೋಕೆ ಆರ್ಮಿಯಿಂದ ಕಾಗದ ಬಂದಿದೆ, ಹಾಗೇ ಇದೆ. ನಮ್ಮಲ್ಲಿ ಸತ್ತ ಮೇಲೆ ಮಾದ ಅಂತ ಕರ್ಮ ಮಾಡ್ತಾರೆ, ಅದೂ ಮಾಡಿಲ್ಲ. ಭಾನುವಾರ ಆದ್ರೆ ಅವನ ಮೋಟರ್ ಸೈಕಲ್ ಸ್ಟಾರ್ಟ್ ಮಾಡಿ ಇಡ್ತಾರೆ, ಇಂಜಿನ್ ಕೆಡಬಾರದು ಅಂತ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಇಲ್ಲಿ ಆದ್ರೆ ಅಳೋದೇ ಕೆಲಸ. ನೀವೇ ಹೇಳ್ತೀರಲ್ಲ, ಇನ್ನೂ ಜೋರಾಗಿ ಅಂತ.”

ನಾನು ಉಳಿದ ಕುರ್ಚಿಗಳನ್ನು ಮಡಚಿದೆ. ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದೆವು.

ಪ್ರದರ್ಶನಕ್ಕೆ ಹತ್ತು ದಿನವಿತ್ತು. ಸುಬೇದಾರರು ಕಾಲೇಜಿನ ಸ್ಟಾಫ್ ರೂಮಿಗೆ ಬಂದರು. ಇಸ್ತ್ರಿ ಮಾಡಿದ ಬ್ಲೇಜರು, ಒಪ್ಪವಾಗಿ ಕತ್ತರಿಸಿದ ಮೀಸೆ. ಕೂರಿ ಎಂದರೂ ನಿಂತೇ ಇದ್ದರು.

“ಮೇಡಂ, ನಾಟಕ ಮಾಡಲಿ, ಬೇಡ ಅನ್ನಲ್ಲ. ಆ ಚಟ್ಟ ಹೊರೋದು, ಮುಂದೆ ನಿಂತು ಅಳೋದು ಬೇಡ. ನಮ್ಮ ಹುಡುಗ ಇದ್ದಾನೆ. ಇರೋ ಮಗನಿಗೆ ತಾಯಿ ಹಾಗೆ ಅಳಬಾರದು.”

“ಸರ್, ಮೂರು ವರ್ಷ...”

“ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದೀನಿ. ಹೆಣ ನೋಡದೆ ಒಬ್ಬ ಜವಾನನ್ನೂ ಸತ್ತ ಅಂತ ನಾನು ರಿಪೋರ್ಟ್ ಬರೆದವನಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಜಗಳವಾಡುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಅವರು ಕೇಳಿಕೊಳ್ಳುತ್ತಿದ್ದರು. ಆಗಲಿ ಸರ್ ಎಂದುಬಿಟ್ಟೆ. ಅಂದೇ ಮಧ್ಯಾಹ್ನ ಆಕೆಗೆ, “ನೀವು ಹಿಂದಿನ ಸಾಲಿಗೆ ಹೋಗಿ, ಸ್ವರ ಬೇಡ, ಸುಮ್ಮನೆ ನಿಂತರೆ ಸಾಕು,” ಎಂದೆ. ಅವರು ಹಿಂದಿನ ಸಾಲಿಗೆ ಹೋಗಿ ನಿಂತರು. ಹನ್ನೊಂದು ವರ್ಷ ಯಾವ ಕಾನೂನನ್ನು ಹೀಯಾಳಿಸಿ ಸಂಬಳ ತೆಗೆದುಕೊಂಡಿದ್ದೆನೋ ಅದನ್ನೇ ಐದು ನಿಮಿಷದಲ್ಲಿ ಜಾರಿಗೆ ತಂದಿದ್ದೆ.

ಮೇಳ ಮತ್ತೆ ಭಜನೆಗೆ ಬಂತು. ಸ್ವರ ಎತ್ತುವುದಕ್ಕೆ ಇನ್ನೊಬ್ಬರನ್ನು ನಿಲ್ಲಿಸಿದೆ, ಅವರು ಎರಡನೇ ಎಣಿಕೆಗೇ ಕೆಮ್ಮಿದರು. ಮತ್ತೊಬ್ಬರು ಅಳುವಾಗ ನಕ್ಕರು. ನಾಲ್ಕು ದಿನ ಮೇಜು ಕುಟ್ಟಿದ್ದಷ್ಟೇ ಬಂತು. ಹಿಂದಿನ ಸಾಲಿನಲ್ಲಿ ಆಕೆ ಬಾಯಿ ಬಿಗಿದುಕೊಂಡು ನಿಂತಿದ್ದರು, ಮುಖದಲ್ಲಿ ಏನೂ ಇಲ್ಲ. ನಾನು ನೋಡುತ್ತಿದ್ದದ್ದು ನಾಟಕ ಕೆಟ್ಟದ್ದನ್ನಲ್ಲ. ಅಳಲು ಒಂದೇ ಒಂದು ಜಾಗವಿದ್ದ ಹೆಂಗಸಿನಿಂದ ಆ ಜಾಗವನ್ನು ನಾನು ಕಿತ್ತುಕೊಂಡಿದ್ದೆ.

ಐದನೇ ದಿನ ಸಂಜೆ ಆಟೋ ಹಿಡಿದು ಕಿದ್ವಾಯಿ ನಗರಕ್ಕೆ ಹೋದೆ. ಸುಬೇದಾರರು ಆಗಷ್ಟೇ ಆಫೀಸಿನಿಂದ ಬಂದಿದ್ದರು. ಆಕೆ ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಭಾಷಣ ಬಿಟ್ಟು ನೇರ ವಿಷಯಕ್ಕೆ ಬಂದೆ.

“ಸರ್, ನಿಮಗೆ ಕೊಟ್ಟ ಮಾತು ಮುರೀತಾ ಇದ್ದೀನಿ,” ಎಂದೆ. “ಅವರು ಮುಂದೆ ನಿಲ್ತಾರೆ. ಚಟ್ಟ ಅವರೇ ಹೊರ್ತಾರೆ. ನೀವು ನಂಬಿದ್ದನ್ನ ನೀವು ನಂಬಿ, ನಾನು ತಪ್ಪು ಅನ್ನಲ್ಲ. ಆದ್ರೆ ಅವರಿಗೂ ಒಂದು ನಂಬಿಕೆ ಇದೆ. ಅದನ್ನ ಬಚ್ಚಲಲ್ಲಿ ಮುಚ್ಚಿಡೋದು ನ್ಯಾಯ ಅಲ್ಲ.”

ಅವರು ಹೆಂಡತಿಯ ಕಡೆ ತಿರುಗಿದರು. “ಬಚ್ಚಲಲ್ಲಾ?”

ಆಕೆ ಸೆರಗಿನ ತುದಿಯಿಂದ ಬಾಗಿಲ ಚೌಕಟ್ಟು ಒರೆಸತೊಡಗಿದರು. ಸುಬೇದಾರರು ಕಪ್ಪನ್ನು ಕೆಳಗಿಟ್ಟರು. “ಎಷ್ಟು ಗಂಟೆಗೆ?” ಎಂದರು.

“ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ.”

“ಬರ್ತೀನಿ.”

ಆಟೋದಲ್ಲಿ ವಾಪಸ್ಸು ಬರುವಾಗ ನನಗೆ ನನ್ನ ಮೇಲೆ ತುಂಬ ಅಭಿಮಾನವಾಯಿತು. ಅದನ್ನು ಈಗ ಬರೆಯಲು ಸಂಕೋಚವಾಗುತ್ತದೆ, ಆದರೂ ಆಗಿದ್ದು ನಿಜ.

ಭಾನುವಾರ ಮಂಜು ಹತ್ತು ಗಂಟೆಗೇ ಸರಿದು ಬಿಸಿಲು ಬಂತು. ಪ್ಲಾಸ್ಟಿಕ್ ಕುರ್ಚಿಗಳು, ಸ್ವೆಟರುಗಳು, ಕಿತ್ತಳೆ ಸುಲಿಯುವ ವಾಸನೆ. “ಮಮ್ಮಾ, ಯೇ ಕಬ್ ಖತಮ್ ಹೋಗಾ?” ಎಂದು, ಮುಗಿಯುವುದು ಯಾವಾಗ ಎಂದು, ಶುರುವಾಗುವ ಮೊದಲೇ ಕೇಳುವ ಮಕ್ಕಳು. ಸುಬೇದಾರರು ಮೂರನೇ ಸಾಲಿನ ತುದಿಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಾನು ಹತ್ತಿರದ ಬೇವಿನ ಮರದ ಬಳಿ, ಕೈಯಲ್ಲಿ ಡಸ್ಟರು ಹಿಡಿದು.

ಹತ್ತು ಪೆಟ್ಟಿಗೆಗಳು ಸಾಲಾಗಿ ಬಂದವು. ಕೊನೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಚಟ್ಟ. ಆಕೆ ಮುಂದೆ. ಈ ಸಲ ಉಳಿದ ಮೂವರೂ ಅವರ ಭಾರಕ್ಕೆ ತಮ್ಮ ಭುಜ ಇಳಿಸಿ ನಡೆದರು, ನಾನು ಹೇಳಿಕೊಟ್ಟಿರಲಿಲ್ಲ. ಚಟ್ಟ ವಾಲಲಿಲ್ಲ. ಡೆಪ್ಯುಟಿ ಸೆಕ್ರೆಟರಿ ಕಟ್ಟೆ ಹತ್ತಿ, ಶಾಲಿನೊಳಗೆ ಕೈಯಿಟ್ಟು, ನಗರ ಎಷ್ಟು ದೊಡ್ಡದು, ಅದಕ್ಕಾಗಿ ಸತ್ತವರು ಎಷ್ಟು ಧನ್ಯರು ಎಂದು ಕಂಚಿನ ಕಂಠದಲ್ಲಿ ಹೇಳಿದರು. ಒಂದು ಹೆಸರೂ ಇಲ್ಲ. ಅಷ್ಟು ಚೆನ್ನಾಗಿ ಅವರು ಎಂದೂ ಮಾತಾಡಿರಲಿಲ್ಲ.

ಆಮೇಲೆ ಎರಡು ಎಣಿಕೆ ಮೌನ. ಆಕೆ ಉಸಿರು ಎಳೆದುಕೊಂಡರು.

ಸ್ವರ ಎದ್ದಿತು, ಹನ್ನೊಂದು ಕಂಠ ಅದರ ಹಿಂದೆ ಸೇರಿದವು. ಕಿತ್ತಳೆ ಸುಲಿಯುವ ಕೈಗಳು ನಿಂತವು. ಅಳುವಿನ ಎರಡನೇ ಸಾಲು ಮುಗಿಯುವಾಗ ಸುಬೇದಾರರು ಎದ್ದು ನಿಂತರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಪೆರೇಡಿನಲ್ಲಿ ನಿಲ್ಲುವ ಹಾಗೆ ಹಿಮ್ಮಡಿ ಸೇರಿಸಿ ನಿಂತರು. ಹಾಗೆ ನಿಂತೇ ಅತ್ತರು. ಮೊದಲು ಸದ್ದಿರಲಿಲ್ಲ. ಆಮೇಲೆ ಒರಟಾದ, ಅಳುವುದನ್ನೇ ಅಭ್ಯಾಸ ಮಾಡದ ಒಂದು ದನಿ ಬಂತು, ಮೇಳದ ದನಿಗೆ ಸೇರದೆ ಬೇರೆಯಾಗಿ ಕೇಳುವಂಥದ್ದು. ಎಲ್ಲರೂ ತಿರುಗಿ ನೋಡಿದರು. ಮುಂದಿನ ಕುರ್ಚಿಯ ಬೆನ್ನು ಹಿಡಿದು ಅವರು ಕುಸಿದು ಕೂತರು.

ನನ್ನ ಕೈಯ ಡಸ್ಟರು ನಿಂತಿತ್ತು. ಆಕೆ ಗಂಡನನ್ನು ನೋಡಿದರು. ಸ್ವರ ಬಿಡಲಿಲ್ಲ. ಎಂಟು ಎಣಿಕೆ ಪೂರ್ತಿ ಮಾಡಿದರು, ಚಟ್ಟ ಎತ್ತಿದರು, ಮೇಳವನ್ನು ನಡೆಸಿಕೊಂಡು ಅವರ ಪಕ್ಕದಿಂದಲೇ ಹೊರಗೆ ಹೋದರು. ಮೆರವಣಿಗೆ ಹೋದ ಮೇಲೆ ಭಾಷಣಕಾರನಿಗೆ ಒಂದು ಸಾಲು ಬಾಕಿಯಿತ್ತು, ಅತ್ತದ್ದು ಸಾಕು, ಮನೆಗಳಿಗೆ ಹೋಗಿ ಎಂದು. ಡೆಪ್ಯುಟಿ ಸೆಕ್ರೆಟರಿ ಅದನ್ನು ಹೇಳದೆ ಕಟ್ಟೆಯಿಂದ ಇಳಿದರು.

ಮಾರ್ಚಿನಲ್ಲಿ ಅವರಿಬ್ಬರೂ ಕೊಡಗಿಗೆ ಹೋದರೆಂದು ತಿಳಿಯಿತು. ಸುಬೇದಾರರು ಕಾಗದಕ್ಕೆ ಸಹಿ ಹಾಕಿದರಂತೆ, ಊರಲ್ಲಿ ಮಾದವೂ ಆಯಿತಂತೆ. ಆ ವರ್ಷ ಕ್ಲಾಸಿನಲ್ಲಿ ಅಥೆನ್ಸಿನ ಪಾಠಕ್ಕೆ ಬಂದಾಗ ಕುಹಕ ಬಿಟ್ಟು ಈ ಕಥೆ ಹೇಳಿದೆ. ರಂಗದ ಅಳು ಒಂದು ಮನೆಯನ್ನು ಹೇಗೆ ಬಿಡುಗಡೆ ಮಾಡಿತು ಎಂದು. ಹುಡುಗಿಯರು ಕಣ್ಣೊರೆಸಿಕೊಂಡರು. ನನಗೂ ಹಿತವಾಯಿತು.

ಮೇ ತಿಂಗಳ ಬಿಸಿಲಲ್ಲಿ ಆಕೆ ನಾಟಕದ ಬೂದು ಸೀರೆಯನ್ನು ಒಗೆದು ಇಸ್ತ್ರಿ ಮಾಡಿ ಕೊಡಲು ಕಾಲೇಜಿಗೆ ಬಂದರು. ತೆಳ್ಳಗಾಗಿದ್ದರು. ಸುಬೇದಾರರು ಹೇಗಿದ್ದಾರೆ ಎಂದು ಕೇಳಿದೆ.

“ಇದ್ದಾರೆ. ಆಫೀಸಿಗೆ ಹೋಗ್ತಾರೆ, ಬರ್ತಾರೆ. ಬಂದು ಸುಮ್ಮನೆ ಕೂತ್ಕೋತಾರೆ.”

“ಈಗ ಮನೇಲೇ ಅಳಬಹುದಲ್ಲ?” ಎಂದೆ. ಸಮಾಧಾನದ ಮಾತೆಂದೇ ಆಡಿದೆ.

“ಅಳಬಹುದು ಮೇಡಂ. ಬರಲ್ಲ.” ಅವರು ಸೀರೆಯ ಮಡಿಕೆಯನ್ನು ಬೆರಳಿಂದ ಒತ್ತಿ ಒತ್ತಿ ಸರಿಮಾಡಿದರು. “ಅವರು ಕಾಯ್ತಾ ಇದ್ರು ಅಂತಲೇ ನಾನು ಅಳ್ತಾ ಇದ್ದೆ. ಒಬ್ಬರಾದ್ರೂ ಕಾಯ್ತಾ ಇದ್ದಾರಲ್ಲ ಅನ್ನೋ ಧೈರ್ಯ. ಈಗ ಇಬ್ಬರೂ ಅತ್ತಾಯ್ತು. ಇನ್ನು ನನ್ನ ಮಗನ್ನ ಕಾಯೋರು ಯಾರಿದ್ದಾರೆ, ನೀವೇ ಹೇಳಿ.”